ಸೆಲ್ಫ್ ತಿರುಗುತ್ತದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಮಳೆಗಾಲ ಶುರುವಾಯಿತೆಂದರೆ ಶಿರಸಿ, ಕುಮಟಾ, ಕಾರವಾರದ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. "ಸೆಲ್ಫ್ ಹೊಡೀತದೆ, ಸ್ಟಾರ್ಟ್ ಮಾತ್ರ ಆಗ್ತಿಲ್ಲ. ಎಂಥ ಮಾಡೋದು?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರೂ ಅರ್ಧಕ್ಕಿಂತ ಹೆಚ್ಚು ಹಂತಗಳನ್ನು ಮನೆಯಂಗಳದಲ್ಲೇ ಮಾಡಬಹುದು.

ಮೊದಲೇ ಒಂದು ಮಾತು. ಕೀ ತಿರುಗಿಸಿದಾಗ ಬರೀ ಟಿಕ್ ಟಿಕ್ ಶಬ್ದ ಬಂದರೆ, ಅಥವಾ ಏನೂ ಶಬ್ದವೇ ಇಲ್ಲದಿದ್ದರೆ, ಅದು ಬ್ಯಾಟರಿಯದ್ದೋ ಸೆಲ್ಫ್ ಮೋಟರಿನದ್ದೋ ತೊಂದರೆ. ಅದು ಬೇರೆ ವಿಷಯ. ಇಲ್ಲಿ ಹೇಳುತ್ತಿರುವುದು ಎಂಜಿನ್ ಚೆನ್ನಾಗಿ ತಿರುಗುತ್ತಿದ್ದರೂ ಹತ್ತಿಕೊಳ್ಳದ ಕಾರಿನ ಬಗ್ಗೆ.

ಪೆಟ್ರೋಲ್ ಎಂಜಿನ್ ಹತ್ತಿಕೊಳ್ಳಬೇಕಾದರೆ ಪೆಟ್ರೋಲ್ ಬರಬೇಕು, ಸರಿಯಾದ ಹೊತ್ತಿಗೆ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು, ಒಳಗೆ ಹೋದ ಗಾಳಿ ಗಟ್ಟಿಯಾಗಿ ಒತ್ತಿಕೊಳ್ಳಬೇಕು. ಗಾಳಿ ಹೀಗೆ ಒತ್ತಿಕೊಳ್ಳುವುದನ್ನೇ ಮೆಕ್ಯಾನಿಕ್‌ಗಳು ಕಂಪ್ರೆಷನ್ ಅನ್ನುತ್ತಾರೆ. ಈಗಿನ ಕಾರುಗಳಲ್ಲಿ ಇನ್ನೊಂದು ಸೇರಿದೆ: ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್ ಒಪ್ಪಿಗೆ ಕೊಡಬೇಕು. ಇವುಗಳಲ್ಲಿ ಯಾವುದು ಇಲ್ಲ ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ. ಇದನ್ನು ನೋಡದೆ ಮೊದಲು ಪ್ಲಗ್ ಬದಲಿಸಿ, ಆಮೇಲೆ ಬ್ಯಾಟರಿ ಬದಲಿಸಿ, ಕೊನೆಗೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪನ್ನೂ ಬದಲಿಸಿ, ಹತ್ತಾರು ಸಾವಿರ ಖರ್ಚಾದ ಮೇಲೆ ಇಲಿ ಕಡಿದ ಒಂದು ವಯರ್ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಸ್ಪಾನರ್ ಆಮೇಲೆ.

ಬೇಕಾದ ಸಾಮಾನು

ಒಂದು ಟಾರ್ಚ್, ಕಾರಿನ ಜೊತೆ ಬಂದ ಪುಸ್ತಕ, ಎರಡನೇ ಕೀ, ಒಣ ಬಟ್ಟೆ, ನಾಲ್ಕೈದು ಬಿಡಿ ಫ್ಯೂಸ್. ಸಾಧ್ಯವಾದರೆ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಮತ್ತು ಮೊಬೈಲಿಗೆ ಜೋಡಿಸುವ ಓಬಿಡಿ ಸ್ಕ್ಯಾನರ್. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಣ್ಣ ಸಾಧನ ಅದು. ಸಹಾಯಕ್ಕೆ ಇನ್ನೊಬ್ಬರು ಇದ್ದರೆ ಒಳ್ಳೆಯದು.

ಶುರು ಮಾಡುವ ಮುಂಚೆ ಎರಡು ಎಚ್ಚರಿಕೆ

ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ. ನಡುವೆ ಅರ್ಧ ನಿಮಿಷವಾದರೂ ಬಿಡಿ. ಬಿಡದೆ ಹೊಡೆದರೆ ಸೆಲ್ಫ್ ಮೋಟರ್ ಬಿಸಿಯಾಗಿ ಸುಡುತ್ತದೆ, ಬ್ಯಾಟರಿ ಇಳಿಯುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತದೆ. ಹೊಗೆ ಶುದ್ಧ ಮಾಡುವ ಆ ಭಾಗ ಬಹಳ ದುಬಾರಿ.

ಎರಡನೆಯದು ಇದಕ್ಕಿಂತ ಮುಖ್ಯ. ಕಾರು ನಿಂತ ನೀರಿನಲ್ಲಿ ಓಡಿ ಬಂದ್ ಆಗಿದ್ದರೆ ಒಂದೇ ಒಂದು ಸಲವೂ ಸೆಲ್ಫ್ ಹೊಡೆಯಬೇಡಿ. ಗಂಗಾವಳಿ, ಅಘನಾಶಿನಿ ಉಕ್ಕಿದಾಗ ತಗ್ಗಿನ ರಸ್ತೆಗಳಲ್ಲಿ ಹೀಗಾಗುತ್ತದೆ. ಗಾಳಿ ಎಳೆಯುವ ದಾರಿಯಿಂದ ಸಿಲಿಂಡರಿಗೆ ನೀರು ಹೋಗಿದ್ದರೆ, ಅದನ್ನು ಗಾಳಿಯಂತೆ ಒತ್ತಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬಂದಾಗ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ. ಫಿಲ್ಟರ್ ಒದ್ದೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಟೋಯಿಂಗ್ ಗಾಡಿ ಕರೆಯಿರಿ. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಇಂಥ ಎಂಜಿನ್ ಹಾನಿಗೆ ಹಣ ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಷನ್ ಅನ್ನುವ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದೀರಾ ಎಂದು ಇವತ್ತೇ ಪಾಲಿಸಿ ತೆಗೆದು ನೋಡಿ.

ಹಂತ 1: ಶಬ್ದ ಕೇಳಿ

ರೇಡಿಯೋ, ಎಸಿ ಆಫ್ ಮಾಡಿ ಒಮ್ಮೆ ಸೆಲ್ಫ್ ಹೊಡೆಯಿರಿ. ಸರಿ ಇರುವ ಎಂಜಿನ್ ತಿರುಗುವಾಗ ಒಂದೇ ಲಯದಲ್ಲಿ ಒತ್ತಿ ಒತ್ತಿ ಬರುವ ಶಬ್ದ ಕೇಳುತ್ತದೆ. ಆ ಲಯ ಇದ್ದರೆ ಕಂಪ್ರೆಷನ್ ಸಾಮಾನ್ಯವಾಗಿ ಸರಿ ಇದೆ ಎಂದರ್ಥ.

ಶಬ್ದ ನಿಧಾನವಾಗಿ, ಎಳೆದು ಬರುತ್ತಿದ್ದರೆ ಬ್ಯಾಟರಿ ಸೋತಿದೆ. ಸೆಲ್ಫ್ ತಿರುಗುತ್ತಿದ್ದರೂ ವೋಲ್ಟೇಜ್ ಕುಸಿದರೆ ಇಸಿಯುಗೆ, ಪೆಟ್ರೋಲ್ ಪಂಪಿಗೆ ಕರೆಂಟ್ ಸಾಲುವುದಿಲ್ಲ. ಮಲ್ಟಿಮೀಟರ್ ಇದ್ದರೆ ನೋಡಿ: ಸುಮ್ನೆ ನಿಂತಾಗ 12.4ರಿಂದ 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಹಂತ.

ಲಯವೇ ಇಲ್ಲದೆ, ಎಂದಿಗಿಂತ ವೇಗವಾಗಿ ಹಗುರವಾಗಿ ತಿರುಗುತ್ತಿದ್ದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕಿಗೂ, ಗಾಳಿಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳಿಗೂ ತಾಳ ಹೊಂದಿಸುವ ಬೆಲ್ಟ್ ಅದು. ಈ ಅನುಮಾನ ಬಂದರೆ ಮತ್ತೆ ಸೆಲ್ಫ್ ಮುಟ್ಟಬೇಡಿ. ಹಲವು ಎಂಜಿನ್‌ಗಳಲ್ಲಿ ವಾಲ್ವ್‌ಗೆ ಪಿಸ್ಟನ್ ಬಡಿದು ಖರ್ಚು ದುಪ್ಪಟ್ಟಾಗುತ್ತದೆ.

ಹಂತ 2: ಮೀಟರ್ ಬೋರ್ಡ್ ಏನು ಹೇಳುತ್ತಿದೆ?

ಕೀಯನ್ನು ಆನ್‌ಗೆ ಮಾತ್ರ ತಿರುಗಿಸಿ. ಬಟನ್ ಕಾರಾದರೆ ಬ್ರೇಕ್, ಕ್ಲಚ್ ಒತ್ತದೆ ಬಟನ್ ಒತ್ತಿ, ಹೆಚ್ಚಿನ ಕಾರುಗಳಲ್ಲಿ ಎರಡು ಸಲ. ಈಗ ಹಳದಿ ಬಣ್ಣದ ಚೆಕ್ ಎಂಜಿನ್ ಲೈಟ್ ಹತ್ತಬೇಕು. ಹತ್ತಲೇ ಇಲ್ಲವೆಂದರೆ ಇಸಿಯುಗೆ ಕರೆಂಟೇ ಹೋಗುತ್ತಿಲ್ಲದಿರಬಹುದು. ಆಗ ನೇರವಾಗಿ ಹಂತ 4ಕ್ಕೆ ಹೋಗಿ, ಮೇನ್ ರಿಲೇ ನೋಡಿ.

ಕೀ ಅಥವಾ ಬೀಗದ ಚಿತ್ರವಿರುವ ಲೈಟ್ ಮಿಣುಕುತ್ತಿದೆಯೇ? ಅದು ಇಮ್ಮೊಬಿಲೈಸರ್. ಕಳ್ಳರು ಓಡಿಸದಂತೆ, ಕೀಯೊಳಗಿನ ಚಿಪ್ ಗುರುತು ಸಿಗದಿದ್ದರೆ ಎಂಜಿನ್ ತಡೆಯುವ ವ್ಯವಸ್ಥೆ. ಕೆಲವು ಕಾರುಗಳು ಒಂದು ಸೆಕೆಂಡ್ ಸ್ಟಾರ್ಟ್ ಆಗಿ ಆಫ್ ಆಗುವುದೂ ಇದರಿಂದಲೇ. ಗೊಂಚಲಿನಿಂದ ಬೇರೆ ಕೀಗಳನ್ನೆಲ್ಲ ತೆಗೆದು ಪ್ರಯತ್ನಿಸಿ. ಆಗದಿದ್ದರೆ ಎರಡನೇ ಕೀ ತನ್ನಿ. ಬಟನ್ ಕಾರಾದರೆ ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿ. ಸೆಲ್ ಇಳಿದಿದ್ದರೂ ಬಹಳಷ್ಟು ಕಾರುಗಳಲ್ಲಿ ಇದು ಕೆಲಸ ಮಾಡುತ್ತದೆ. ಕೀ ಮಳೆನೀರಿನಲ್ಲಿ ಬಿದ್ದಿದ್ದರೆ, ವಾಷಿಂಗ್ ಮೆಷಿನ್ನಿಗೆ ಹೋಗಿ ಬಂದಿದ್ದರೆ ಅನುಮಾನವೇ ಬೇಡ, ಮೊದಲು ಇದನ್ನೇ ನೋಡಿ.

ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳಿನ ಮೇಲೂ ಕಣ್ಣಿಡಿ. ಬಹಳಷ್ಟು ಕಾರುಗಳಲ್ಲಿ ಅದು ಸ್ವಲ್ಪವಾದರೂ ಏಳುತ್ತದೆ. ಸೊನ್ನೆಯಲ್ಲೇ ಸತ್ತಂತೆ ಇದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಎಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ ತಿಳಿಸುವುದು ಈ ಸೆನ್ಸರ್. ಅದು ಹೇಳದಿದ್ದರೆ ಇಸಿಯು ಪೆಟ್ರೋಲನ್ನೂ ಕೊಡುವುದಿಲ್ಲ, ಕಿಡಿಯನ್ನೂ ಕೊಡುವುದಿಲ್ಲ. ಇದಕ್ಕೆ ಒಂದು ಗುರುತಿದೆ. ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಹತ್ತಿ ಎಂಜಿನ್ ಚೆನ್ನಾಗಿ ಬಿಸಿಯಾದಾಗ ಕಾರು ಬಂದ್ ಬೀಳುತ್ತದೆ, ಅರ್ಧ ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ತಣ್ಣಗಾದ ಮೇಲೆ ಗ್ಯಾರೇಜಿಗೆ ಹೋದರೆ ಅಲ್ಲಿ ದೋಷವೇ ಕಾಣುವುದಿಲ್ಲ. ಆದ್ದರಿಂದ "ಬಿಸಿಯಾದಾಗ ಮಾತ್ರ ಹೀಗೆ" ಅನ್ನುವುದನ್ನು ಮೆಕ್ಯಾನಿಕ್‌ಗೆ ಮರೆಯದೆ ಹೇಳಿ.

ಇನ್ನು ಪೆಟ್ರೋಲ್ ಮುಳ್ಳು. ಮಲೆನಾಡಿನ ಮನೆಗಳ ಅಂಗಳ, ದಾರಿ ಎಲ್ಲ ಇಳಿಜಾರು. ಟ್ಯಾಂಕಿನಲ್ಲಿ ಮೂರ್ನಾಲ್ಕು ಲೀಟರ್ ಮಾತ್ರ ಇದ್ದು ಕಾರನ್ನು ಓರೆಯಾಗಿ ನಿಲ್ಲಿಸಿದರೆ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿಗೆ ಸಿಗುವುದಿಲ್ಲ. ಮುಳ್ಳು ಮಾತ್ರ ಇದೆ ಎಂದೇ ತೋರಿಸುತ್ತಿರುತ್ತದೆ. ಕಾರನ್ನು ಸಮತಟ್ಟು ಜಾಗಕ್ಕೆ ತಳ್ಳಿ, ಅಥವಾ ಐದು ಲೀಟರ್ ಹಾಕಿ ನೋಡಿ. ಸಿಎನ್‌ಜಿ ಇರುವ ಕಾರಾದರೆ ಸ್ವಿಚ್ ಬದಲಿಸಿ ಇನ್ನೊಂದು ಇಂಧನದಲ್ಲಿ ಪ್ರಯತ್ನಿಸಿ.

ಹಂತ 3: ಪಂಪ್ ಕೂಗುತ್ತಿದೆಯೇ?

ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಹಿಂದಿನ ಸೀಟಿನ ಕೆಳಗೆ. ನೀವು ಸೀಟಿನ ಹತ್ತಿರ ಕಿವಿ ಇಡಿ, ಇನ್ನೊಬ್ಬರು ಕೀ ಆನ್ ಮಾಡಲಿ. ಎರಡು ಸೆಕೆಂಡ್ ಸಣ್ಣಗೆ "ಊಂ" ಎಂದು ಶಬ್ದ ಬಂದು ನಿಲ್ಲಬೇಕು. ಬಂದರೆ ಪಂಪಿಗೆ ಕರೆಂಟ್ ಹೋಗುತ್ತಿದೆ. ಬರದಿದ್ದರೆ ಫ್ಯೂಸ್, ರಿಲೇ, ವಯರ್ ಅಥವಾ ಪಂಪ್, ಈ ನಾಲ್ಕರಲ್ಲಿ ಒಂದು. ಅನುಮಾನವನ್ನು ಇದೇ ಕ್ರಮದಲ್ಲಿ ಇಟ್ಟುಕೊಳ್ಳಿ. ಪಂಪ್ ಕೊನೆಗೆ.

ಶಬ್ದ ಬಂದ ಮಾತ್ರಕ್ಕೆ ಒತ್ತಡ ಸರಿ ಇದೆ ಎಂದು ಹೇಳಲಾಗದು. ಫಿಲ್ಟರ್ ಕಟ್ಟಿರಬಹುದು, ಪಂಪ್ ಸವೆದಿರಬಹುದು. ಕೀಯನ್ನು ಮೂರ್ನಾಲ್ಕು ಸಲ ಆನ್, ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಆಗ ಸ್ಟಾರ್ಟ್ ಆದರೆ ಪೆಟ್ರೋಲ್ ಒತ್ತಡ ನಿಧಾನವಾಗಿ ಏರುತ್ತಿದೆ. ಪಂಪ್ ಪರೀಕ್ಷೆ ಮಾಡಿಸುವ ಹೊತ್ತಾಯಿತು ಅಂತ.

ಫಿಯೆಟ್, ಫೋರ್ಡ್ ಕಂಪನಿಯ ಕೆಲವು ಹಳೆಯ ಕಾರುಗಳಲ್ಲಿ ಅಪಘಾತವಾದಾಗ ಪೆಟ್ರೋಲ್ ನಿಲ್ಲಿಸುವ ಸ್ವಿಚ್ ಇದೆ. ದೊಡ್ಡ ಹೊಂಡಕ್ಕೆ ಬಿದ್ದಾಗಲೂ ಅದು ಬಿಟ್ಟುಕೊಳ್ಳಬಹುದು. ಎಲ್ಲಿದೆ ಎಂದು ಪುಸ್ತಕದಲ್ಲಿ ನೋಡಿ, ಪೆಟ್ರೋಲ್ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಬಟನ್ ಒತ್ತಿ.

ಪೆಟ್ರೋಲ್ ವಾಸನೆ ಗಾಢವಾಗಿ ಬರುತ್ತಿದ್ದರೆ ಕತೆ ತಿರುಗುಮುರುಗು: ಪೆಟ್ರೋಲ್ ಜಾಸ್ತಿಯಾಗಿದೆ. ಆಗ ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್, ಅಂದರೆ ಇಸಿಯು ಹೇಳಿದಂತೆ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ ಇರುವ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಹೀಗೆ ಮಾಡಿದರೆ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಯುತ್ತದೆ, ಒಳಗಿನದ್ದು ಒಣಗುತ್ತದೆ. ಹತ್ತಿಕೊಂಡ ಕೂಡಲೇ ಕಾಲು ತೆಗೆಯಿರಿ. ಶೆಡ್ಡಿನಿಂದ ಅಂಗಳಕ್ಕೆ ತರಲು ಒಂದೇ ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ ಕಾರುಗಳಲ್ಲಿ ಇದು ಆಗುವುದುಂಟು.

ಹಂತ 4: ಫ್ಯೂಸ್, ರಿಲೇ, ಉಪ್ಪು ಗಾಳಿ

ಕರಾವಳಿಯವರು ಈ ಹಂತವನ್ನು ನಿಧಾನವಾಗಿ ಓದಿ.

ಬಾನೆಟ್ ಕೆಳಗಿನ ಫ್ಯೂಸ್ ಡಬ್ಬಿಯ ಮುಚ್ಚಳದ ಒಳಬದಿಯಲ್ಲೇ ಸಾಮಾನ್ಯವಾಗಿ ನಕ್ಷೆ ಇರುತ್ತದೆ. ಕೀ ಆಫ್ ಮಾಡಿ ಫ್ಯುಯಲ್ ಪಂಪ್, ಇಸಿಯು, ಇಗ್ನಿಷನ್ ಎಂದು ಬರೆದ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು ಟಾರ್ಚ್ ಬೆಳಕಿಗೆ ಹಿಡಿಯಿರಿ. ಒಳಗಿನ ತಂತಿ ತುಂಡಾಗಿದ್ದರೆ ಅಷ್ಟೇ ಆಂಪಿಯರ್‌ನ ಫ್ಯೂಸ್ ಹಾಕಿ. 15ರ ಜಾಗಕ್ಕೆ 30 ಹಾಕಿದರೆ ಫ್ಯೂಸಿನ ಬದಲು ವಯರ್ ಸುಡುತ್ತದೆ, ಬೆಂಕಿ ಹತ್ತಬಹುದು. ಹೊಸ ಫ್ಯೂಸೂ ಹಾರಿದರೆ ಎಲ್ಲೋ ಶಾರ್ಟ್ ಇದೆ. ಅದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಚೌಕಾಕಾರದ ಸ್ವಿಚ್. ಪಂಪ್ ರಿಲೇಯನ್ನೋ, ಇಸಿಯುಗೆ ಕರೆಂಟ್ ಕೊಡುವ ಮೇನ್ ರಿಲೇಯನ್ನೋ ಪರೀಕ್ಷಿಸಲು ಅದೇ ಡಬ್ಬಿಯಲ್ಲಿರುವ ಹಾರ್ನಿನ ರಿಲೇ ಜೊತೆ ಅದಲುಬದಲು ಮಾಡಿ. ಆದರೆ ಎರಡರ ಮೇಲಿನ ನಂಬರ್ ಒಂದೇ ಇದ್ದರೆ ಮಾತ್ರ.

ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಕಡಲಿನ ಹತ್ತಿರ ನಿಲ್ಲುವ ಕಾರಿನ ರಿಲೇ ಕಿತ್ತು ಅದರ ಕಾಲುಗಳನ್ನು ನೋಡಿ. ಹೊಸದರಲ್ಲಿ ಬೆಳ್ಳಗೆ ಹೊಳೆಯುವ ಲೋಹ ಕಾಣುತ್ತದೆ. ಉಪ್ಪು ಗಾಳಿ ತಿಂದದ್ದರಲ್ಲಿ ಕಾಲಿನ ಬುಡಕ್ಕೆ ಹಸಿರು ಮಿಶ್ರಿತ ಬಿಳಿ ಪುಡಿ ಅಂಟಿರುತ್ತದೆ, ಉಗುರಿನಿಂದ ಕೆರೆದರೆ ಉದುರುತ್ತದೆ. ಕಣ್ಣಿಗೆ ಸರಿಯಾಗಿ ಕೂತಿದೆ ಅನಿಸಿದರೂ ಆ ಪುಡಿಯ ಮೂಲಕ ಕರೆಂಟ್ ಸರಿಯಾಗಿ ಹೋಗುವುದಿಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ, ಎಂಜಿನ್ನಿಗೆ ಹೋಗುವ ದಪ್ಪ ಅರ್ಥಿಂಗ್ ವಯರಿನ ಬೋಲ್ಟಿನ ಕೆಳಗೂ ಇದೇ ಕತೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ, ಅರ್ಥಿಂಗ್ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿ. ಖರ್ಚು ಕಡಿಮೆ, ಫಲ ದೊಡ್ಡದು. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಮಾಡಿಟ್ಟರಂತೂ ಇನ್ನೂ ಒಳ್ಳೆಯದು.

ಹಂತ 5: ಇಲಿ ಮತ್ತು ನೀರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಾರು ನಿಲ್ಲುವುದು ಕೊಟ್ಟಿಗೆಯ ಪಕ್ಕ, ಅಡಿಕೆ ಅಟ್ಟದ ಕೆಳಗೆ. ಎಂಜಿನ್ ಬೆಚ್ಚಗಿರುತ್ತದೆ, ಹೊರಗೆ ಮಳೆ. ಇಲಿ ಬಾರದೆ ಇರುತ್ತದೆಯೇ? ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿ ನೋಡಿ. ಅಡಿಕೆ ಸಿಪ್ಪೆ, ಒಣಹುಲ್ಲು, ಬಟ್ಟೆ ಚೂರು ಸಿಕ್ಕರೆ ಕಾರಣ ಅಲ್ಲೇ ಸುತ್ತಮುತ್ತ ಇದೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್‌ಗಳಿಗೆ ಹೋಗುವ ಸಣ್ಣ ವಯರ್‌ಗಳನ್ನು ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರುತ್ತ ಹೋಗಿ. ಕಡಿತ ಹೆಚ್ಚಾಗಿ ಕೆಳಬದಿಯಲ್ಲಿ ಇರುತ್ತದೆ, ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ.

ತುಂಡಾದ ವಯರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಅವತ್ತಿಗೆ ಗಾಡಿ ಓಡುತ್ತದೆ. ಆದರೆ ನಮ್ಮ ತೇವಕ್ಕೆ ಒಳಗಿನ ತಾಮ್ರ ಹಸಿರಾಗಿ ಮುಂದಿನ ಮಳೆಗೆ ಮತ್ತೆ ಅದೇ ತೊಂದರೆ. ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಅಂಟುವ ಸ್ಲೀವ್ ಹಾಕಿಸಿ. ಗೂಡನ್ನು ಪೂರ್ತಿ ತೆಗೆಯಿರಿ, ಬಿಸಿ ಸೈಲೆನ್ಸರಿಗೆ ಒಣಹುಲ್ಲು ಬಿದ್ದರೆ ಬೆಂಕಿ. ರಾತ್ರಿ ಬಾನೆಟ್ ಎತ್ತಿಡುವುದು ನಮ್ಮ ಊರುಗಳಲ್ಲಿ ರೂಢಿ. ಕತ್ತಲೆ, ಬಿಸಿ ಎರಡೂ ಇಲ್ಲದಿದ್ದರೆ ಇಲಿ ಕೂರುವುದು ಕಡಿಮೆ.

ಇನ್ನು ನೀರು. ಹಲವು ಎಂಜಿನ್‌ಗಳಲ್ಲಿ ಪ್ಲಗ್‌ಗಳು ಆಳವಾದ ಕುಳಿಯಲ್ಲಿ ಕೂತಿರುತ್ತವೆ. ಕುಳಿಗೆ ನೀರು ಇಳಿದರೆ ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಬದಿಯಲ್ಲೇ ಸೋರಿಹೋಗುತ್ತದೆ. ಆಯುಧ ಪೂಜೆಗೆಂದು ಪ್ರೆಷರ್ ನೀರಿನಲ್ಲಿ ಎಂಜಿನ್ ತೊಳೆಸಿದ ಮರುದಿನ ಕಾರು ಸ್ಟಾರ್ಟ್ ಆಗದಿದ್ದರೆ ಬೇರೆ ಕಾರಣ ಹುಡುಕಬೇಡಿ. ಕೀ ಆಫ್ ಮಾಡಿ ಕಾಯಿಲ್ ತೆಗೆದು, ಬಟ್ಟೆಯಿಂದ, ಸಾಧ್ಯವಾದರೆ ಗಾಳಿ ಹೊಡೆದು ಒಣಗಿಸಿ. ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಮಾರುತಿ 800, ಓಮ್ನಿಗಳಲ್ಲಿ ಅದರ ಮುಚ್ಚಳ ತೆಗೆದು ಒಳಗಿನ ತೇವ ಒರೆಸಿ.

ಹಂತ 6: ಪ್ಲಗ್ ಬಿಚ್ಚಿ ನೋಡುವುದು

ಕೈಗೆ ಅಭ್ಯಾಸ ಇದ್ದವರಿಗೆ ಮಾತ್ರ ಇದು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕುಳಿಯ ಕಸವನ್ನು ಮೊದಲು ತೆಗೆಯಬೇಕು, ಇಲ್ಲದಿದ್ದರೆ ಸಿಲಿಂಡರಿಗೆ ಬೀಳುತ್ತದೆ. ಐದಾರು ಸೆಕೆಂಡ್ ಸೆಲ್ಫ್ ಹೊಡೆದು ಕೂಡಲೇ ಒಂದು ಪ್ಲಗ್ ಬಿಚ್ಚಿ.

ಪ್ಲಗ್ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲದಿರಬಹುದು. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಕಿಡಿ ನೋಡುವ ಹಳೆಯ ಪದ್ಧತಿಯನ್ನು ಈಗಿನ ಕಾರುಗಳಲ್ಲಿ ಮಾಡಬೇಡಿ. ಕಾಯಿಲ್‌ನಿಂದ ಬರುವುದು ಹತ್ತಾರು ಸಾವಿರ ವೋಲ್ಟ್. ಕೈಗೂ ಅಪಾಯ, ಇಸಿಯುಗೂ ಅಪಾಯ, ಪಕ್ಕದಲ್ಲಿ ಪೆಟ್ರೋಲ್ ಆವಿ ಇದ್ದರೆ ಬೆಂಕಿಯೂ ಹತ್ತುತ್ತದೆ. ಅದಕ್ಕೆಂದೇ ಇರುವ ಸ್ಪಾರ್ಕ್ ಟೆಸ್ಟರ್ ಗ್ಯಾರೇಜಿನಲ್ಲಿ ಸಿಗುತ್ತದೆ.

ಪೆಟ್ರೋಲ್ ಬರುತ್ತಿದೆ, ಕಿಡಿಯೂ ಇದೆ, ಆದರೂ ಹತ್ತುತ್ತಿಲ್ಲವೆಂದರೆ ಪೆಟ್ರೋಲನ್ನೇ ನೋಡಬೇಕು. ಈಗ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದಕ್ಕೆ ನೀರು ಹೀರುವ ಗುಣ. ನೀರು ಜಾಸ್ತಿಯಾದಾಗ ನೀರು, ಎಥನಾಲ್ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ಮಳೆಯಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಸ್ವಲ್ಪ ದೂರ ಬರುತ್ತಲೇ ಬಂದ್ ಬಿದ್ದ ಕಾರಿನಲ್ಲಿ ಇದನ್ನು ಮೊದಲು ಯೋಚಿಸಿ, ಬಂಕಿನ ರಸೀದಿ ಇಟ್ಟುಕೊಳ್ಳಿ.

ಹಂತ 7: ಸ್ಕ್ಯಾನರ್

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಸಿಕ್ಕಿಸಿ, ಕೀ ಆನ್ ಮಾಡಿ ಕೋಡ್ ಓದಿ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ವಾಲ್ವ್ ತೆರೆಯುವ ಕ್ಯಾಮ್ ಎಲ್ಲಿದೆ ಎಂದು ತಿಳಿಸುವ ಕ್ಯಾಮ್ ಸೆನ್ಸರ್ ಸರ್ಕ್ಯೂಟ್, ಪಿ0230 ಪೆಟ್ರೋಲ್ ಪಂಪಿನ ಸರ್ಕ್ಯೂಟ್. ಸರ್ಕ್ಯೂಟ್ ಅನ್ನುವುದನ್ನು ಗಮನಿಸಿ. ಸೆನ್ಸರೇ ಹಾಳು ಎಂದು ಕೋಡ್ ಹೇಳುವುದಿಲ್ಲ, ಆ ದಾರಿಯಲ್ಲಿ ಎಲ್ಲೋ ತೊಂದರೆ ಎನ್ನುತ್ತದೆ. ಹೊಸ ಸೆನ್ಸರ್ ಕೊಳ್ಳುವ ಮುಂಚೆ ಅದರ ವಯರ್, ವಯರ್ ಸಿಕ್ಕಿಸುವ ಜಾಗ ನೋಡಿ. ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದಿಡಿ.

ಡೀಸೆಲ್ ಕಾರಾದರೆ

ಡೀಸೆಲ್‌ನಲ್ಲಿ ಪ್ಲಗ್ಗಿನ ಕಿಡಿ ಇಲ್ಲ, ಒತ್ತಡದ ಬಿಸಿಗೇ ಉರಿಯುತ್ತದೆ. ಸುರುಳಿ ಚಿತ್ರದ ಹೀಟರ್ ಲೈಟ್ ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಫಿಲ್ಟರಿನಲ್ಲಿ ನೀರು ಸೇರಿದೆ ಎಂಬ ಲೈಟ್ ಹತ್ತಿದ್ದರೆ ನೀರು ತೆಗೆಸದೆ ಮುಂದುವರಿಯಬೇಡಿ. ಟ್ಯಾಂಕ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಫಿಲ್ಟರಿನ ಹತ್ತಿರ ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಕಾಮನ್ ರೈಲ್, ಅಂದರೆ ಒಂದೇ ಪೈಪಿನಲ್ಲಿ ಒತ್ತಡದ ಡೀಸೆಲ್ ತುಂಬಿಟ್ಟು ಎಲ್ಲ ಇಂಜೆಕ್ಟರ್‌ಗಳಿಗೆ ಕೊಡುವ ಎಂಜಿನ್ನಿನ ಇಂಜೆಕ್ಟರ್ ಪೈಪನ್ನು ಮಾತ್ರ ಸಡಿಲಿಸಬೇಡಿ. ಓಡುವಾಗ ಅಲ್ಲಿ 1000 ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ, ಚರ್ಮ ತೂರಿ ಡೀಸೆಲ್ ಒಳಗೆ ಹೋಗುತ್ತದೆ. ಡೀಸೆಲ್ ಕಾರಿಗೆ ತಪ್ಪಿ ಪೆಟ್ರೋಲ್ ಹಾಕಿದ್ದು ಗೊತ್ತಾದರೆ ಕೀ ಆನ್ ಕೂಡ ಮಾಡಬೇಡಿ, ಟ್ಯಾಂಕ್ ಖಾಲಿ ಮಾಡಿಸಿ.

ಘಟ್ಟದಲ್ಲಿ ನಿಂತರೆ

ಹಜಾರ್ಡ್ ಲೈಟ್ ಹಾಕಿ, ತ್ರಿಕೋನವನ್ನು ಹಿಂದಿನ ತಿರುವಿಗಿಂತ ಮುಂಚೆಯೇ ಇಡಿ. ಮಳೆ ಜೋರಾಗಿದ್ದರೆ ಕಡಿದ ಗುಡ್ಡದ ಬುಡದಲ್ಲಿ ಕಾರು ಬಿಟ್ಟುಕೊಂಡು ಬಾನೆಟ್ ತೆರೆದು ನಿಲ್ಲಬೇಡಿ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳೇ ಹೋದದ್ದು ನಮಗೆಲ್ಲ ಗೊತ್ತಿದೆ. ಜನರನ್ನು ಇಳಿಸಿ ಬಯಲು ಜಾಗಕ್ಕೆ ಕಳಿಸಿ, ಕಾರು ಆಮೇಲೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ, ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ. ಘಟ್ಟದ ಎಷ್ಟೋ ತಿರುವುಗಳಲ್ಲಿ ನೆಟ್‌ವರ್ಕ್ ಇಲ್ಲ. ಹಾದುಹೋಗುವ ಬಸ್ಸು, ಲಾರಿಯವರ ಹತ್ತಿರ ಹೇಳಿ ಕಳಿಸಿ.

ತಳ್ಳಿ ಸ್ಟಾರ್ಟ್ ಮಾಡುವ ಪ್ರಯತ್ನ ಬೇಡ. ಸೆಲ್ಫ್ ತಿರುಗುತ್ತಿರುವಾಗ ತಳ್ಳುವುದರಿಂದ ಏನೂ ಲಾಭವಿಲ್ಲ. ಇಳಿಜಾರಿನಲ್ಲಂತೂ ಎಂಜಿನ್ ಆಫ್ ಇರುವ ಕಾರಿನ ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ, ಸ್ಟೀರಿಂಗ್ ಕೂಡ.

ಗ್ಯಾರೇಜಿಗೆ ಫೋನ್ ಮಾಡುವಾಗ "ಸ್ಟಾರ್ಟ್ ಆಗ್ತಿಲ್ಲ" ಎಂದಷ್ಟೇ ಹೇಳಬೇಡಿ. ಸೆಲ್ಫ್ ಶಬ್ದ ಹೇಗಿದೆ, ಪಂಪ್ ಕೇಳಿಸಿತೇ, ಯಾವ ಲೈಟ್ ಹತ್ತಿದೆ, ಬಿಸಿಯಲ್ಲೋ ತಣ್ಣಗಿದ್ದಾಗಲೋ, ಪೆಟ್ರೋಲ್ ಯಾವಾಗ ಹಾಕಿಸಿದಿರಿ ಎಂದು ಹೇಳಿ. ಮೆಕ್ಯಾನಿಕ್ ಬರುವಾಗಲೇ ಸರಿಯಾದ ರಿಲೇ, ಸೆನ್ಸರ್ ಹಿಡಿದುಕೊಂಡು ಬರಬಹುದು. ಎಳೆದೊಯ್ಯುವುದೇ ಆದರೆ, ಆಟೋಮ್ಯಾಟಿಕ್ ಗೇರಿನ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ. ನಾಲ್ಕೂ ಚಕ್ರ ಮೇಲೇರಿಸುವ ಫ್ಲಾಟ್‌ಬೆಡ್ ಲಾರಿಯೇ ಬೇಕು ಎಂದು ಮೊದಲೇ ಹೇಳಿ ಕರೆಸಿ.